ದಿನಕ್ಕೆ ಹತ್ತು ವಚನ



ನಮ್ಮ ಬಹಳಷ್ಟು ಕ್ರೈಸ್ತ ಮನೆಗಳಲ್ಲಿ ಬೈಬಲ್ ಇದೆ. ಮದುವೆಗೋ ಹಬ್ಬಕ್ಕೋ ಯಾರೋ ಕೊಟ್ಟದ್ದು. ಯೇಸುಸ್ವಾಮಿಯ ಪಟದ ಕೆಳಗೆ ಬಟ್ಟೆ ಸುತ್ತಿ, ಮೇಲೊಂದು ಜಪಸರ ಇಟ್ಟಿರುತ್ತೇವೆ. ಗೌರವವೇನೋ ಸರಿ. ಆದರೆ ಅದನ್ನು ಬಿಚ್ಚಿ ಓದಿದ್ದು ಯಾವಾಗ ಅಂತ ಕೇಳಿದರೆ ನಾವು ತಲೆ ತಗ್ಗಿಸಬೇಕಾಗುತ್ತದೆ.

ನಾವೂ ಒಮ್ಮೆ ಹೊಸ ವರ್ಷದ ದಿನ ಹುರುಪಿನಿಂದ ಆದಿಕಾಂಡ ಶುರು ಮಾಡಿದ್ದೆವು. ಅಬ್ರಹಾಮ, ಯೋಸೇಫರ ಕಥೆ ಚೆನ್ನಾಗಿಯೇ ಸಾಗಿತು. ಯಾಜಕಕಾಂಡಕ್ಕೆ ಬಂದು ಬಲಿಗಳ ನಿಯಮ ಓದುವಾಗ ಕಣ್ಣು ಎಳೆಯತೊಡಗಿತು. ತಪಸ್ಸುಕಾಲ ಬರುವ ಮೊದಲೇ ಓದು ನಿಂತುಹೋಯಿತು. ಆಮೇಲೆ ತಿಳಿಯಿತು, ಬೈಬಲ್ ಎಂದರೆ ಒಂದು ಪುಸ್ತಕವಲ್ಲ, 73 ಪುಸ್ತಕಗಳ ಕಪಾಟು. ಮೊದಲ ಪುಟದಿಂದಲೇ ಆರಂಭಿಸಬೇಕು ಎಂದೇನೂ ಇಲ್ಲ. ಶುಭಸಂದೇಶಗಳಲ್ಲಿ ಮಾರ್ಕನದು ಎಲ್ಲಕ್ಕಿಂತ ಚಿಕ್ಕದು, 16 ಅಧ್ಯಾಯ ಮಾತ್ರ. ದಿನಕ್ಕೆ ಹತ್ತು ವಚನದಂತೆ ಓದಿದರೆ ಎರಡೂವರೆ ತಿಂಗಳೊಳಗೆ ಮುಗಿಯುತ್ತದೆ.

ಹತ್ತು ವಚನ ಏನು ಮಹಾ ಅನ್ನಬೇಡಿ. ಸಂಘ ಶುರುವಾದಾಗ ವಾರಕ್ಕೆ ಹತ್ತು ರೂಪಾಯಿ ಕಟ್ಟಿದರೆ ಏನಾಗುತ್ತೆ ಅಂತ ಕೇಳಿದವರೂ ನಾವೇ ಅಲ್ಲವೇ? ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಬಾಕಿಯೂ ಇಲ್ಲ, ದಂಡವೂ ಇಲ್ಲ. ಮೂರು ದಿನ ತಪ್ಪಿತು ಅಂತ ನಾಲ್ಕನೇ ದಿನ ನಲವತ್ತು ವಚನ ಓದಲು ಹೋಗಬೇಡಿ. ಆ ದಿನದ ಹತ್ತು ಓದಿ, ಸಾಕು. ಬಾಕಿ ತೀರಿಸಲು ಹೊರಟವರೇ ಹೆಚ್ಚಾಗಿ ಪೂರ್ತಿ ಬಿಟ್ಟುಬಿಡುತ್ತಾರೆ.

ಪುರುಸೊತ್ತು ಸಿಕ್ಕಾಗ ಓದೋಣ ಅಂದರೆ ಆ ಪುರುಸೊತ್ತು ಸಿಗುವುದೇ ಇಲ್ಲ. ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಓದನ್ನು ಗಂಟು ಹಾಕಬೇಕು. ಸಂಜೆ ಜಪಸರ ಮುಗಿದ ಕೂಡಲೇ ಓದಬಹುದು, ಇಲ್ಲವೇ ಬೆಳಿಗ್ಗೆ ಒಲೆ ಮೇಲೆ ಅನ್ನಕ್ಕೆ ಇಟ್ಟ ಮೇಲೆ. ಜೋರಾಗಿ ಎರಡು ಸಲ ಓದಿ. ಮನಸ್ಸಿಗೆ ತಾಕಿದ ಒಂದು ಮಾತನ್ನು ಹಿಡಿದುಕೊಂಡು ಪ್ರಾರ್ಥಿಸಿ. ಅರ್ಥವಾಗದ್ದನ್ನು ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಫಾದರನ್ನೋ ಸಿಸ್ಟರನ್ನೋ ಕೇಳಿ. ಕೇಳಲು ನಾಚಿಕೆ ಬೇಡ. ನಾಲ್ಕನೇ ಶತಮಾನದಲ್ಲಿ ರೋಮಿನ ವಿಧವೆ ಸಂತ ಮಾರ್ಸೆಲ್ಲಾ ತನ್ನ ಮನೆಯಲ್ಲೇ ಹೆಂಗಸರನ್ನು ಸೇರಿಸಿ ಧರ್ಮಗ್ರಂಥ ಓದುತ್ತಿದ್ದಳು. ಬೈಬಲನ್ನು ಲತೀನಿಗೆ ತಂದ ಸಂತ ಜೆರೋಮ್‌ಗೆ ಬಿಡದೆ ಪ್ರಶ್ನೆ ಕೇಳುತ್ತಿದ್ದಳು. ಸಂತ ಪೌಲಾ ಅಂತೂ ಹಳೆಯ ಒಡಂಬಡಿಕೆಗಾಗಿ ಹೀಬ್ರೂ ಭಾಷೆಯನ್ನೇ ಕಲಿತಳು.

ಓದು ಬಾರದವರ ಗತಿ ಏನು? ಒಂದು ಸಂಘದಲ್ಲಿ ಒಬ್ಬ ಅಕ್ಕ, "ನಂಗೆ ಅಕ್ಷರ ಬರಲ್ಲ, ಬೈಬಲ್ ನನ್ನಂಥೋರಿಗಲ್ಲ" ಅಂದಿದ್ದರು. ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಯೇಸುಸ್ವಾಮಿಯ ಮಾತನ್ನು ಮೊದಲು ಸ್ವೀಕರಿಸಿದವರಲ್ಲಿ ಹೆಚ್ಚಿನವರು ಕಿವಿಯಿಂದ ಕೇಳಿದವರೇ ಹೊರತು ಓದಿದವರಲ್ಲ. ಈಗ ಆರನೇ ಕ್ಲಾಸಿನ ಮೊಮ್ಮಗ ಆ ಅಕ್ಕನಿಗೆ ಓದಿ ಹೇಳುತ್ತಾನೆ. ಒಂದು ದಿನ ಲೂಕನ 18ನೇ ಅಧ್ಯಾಯದ ವಿಧವೆ ಬಂದಳು, ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋದವಳು. ಕೇಳಿದ ಅಕ್ಕ, "ಪಿಂಚಣಿಗೆ ನಾ ಅಲೆದಂಗೆ ಅವಳೂ ಅಲೆದವ್ಳೆ ಕಣ್ರೀ. ಆದ್ರೆ ನಾ ಮೂರನೇ ಸಲಕ್ಕೆ ಬಿಟ್ಬಿಟ್ಟೆ" ಅಂದರು. ಮುಂದಿನ ಸೋಮವಾರ ಅರ್ಜಿ ಹಿಡಿದು ಮತ್ತೆ ಹೋದರು, ಜೊತೆಗೆ ಸಂಘದ ಇಬ್ಬರು. ಪಿಂಚಣಿ ಇನ್ನೂ ಬಂದಿಲ್ಲ. ಅಕ್ಕ ಹೋಗುವುದನ್ನು ನಿಲ್ಲಿಸಿಲ್ಲ.

ಇನ್ನೊಂದು ಮಾತು. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರಿದ್ದಾರೆ. ಉಳಿತಾಯದ ಸಭೆ ಎಲ್ಲರದು, ಅಲ್ಲಿ ಬೈಬಲ್ ಪಾಠ ಬೇಡ. ಅದು ಮನೆಯಲ್ಲಿ, ಇಲ್ಲವೇ ನೆರೆಹೊರೆಯ ಕ್ರೈಸ್ತ ಕುಟುಂಬಗಳು ಸೇರುವ ಪ್ರಾರ್ಥನಾಕೂಟದಲ್ಲಿ ನಡೆಯಲಿ.

ಈ ತಿಂಗಳು ಮಾರ್ಕನ ಜೊತೆಗೆ ಪ್ರೇಷಿತರ ಕಾರ್ಯಕಲಾಪಗಳು 16ನೇ ಅಧ್ಯಾಯ, 11ರಿಂದ 15ನೇ ವಚನ ಓದಿಕೊಂಡು ಬನ್ನಿ. ಫಿಲಿಪ್ಪಿಯಲ್ಲಿ ನದಿಯ ದಡದಲ್ಲಿ ಹೆಂಗಸರು ಕೂಡಿದ್ದರು. ಅವರಲ್ಲಿ ಲಿಡಿಯ ಎಂಬವಳು ಊದಾಬಣ್ಣದ ಬಟ್ಟೆಯ ವ್ಯಾಪಾರಿ. ಅವಳು ಕೇಳಿಸಿಕೊಂಡದ್ದು ಏನು? ಕೇಳಿದ ಮೇಲೆ ತನ್ನ ಮನೆಯಲ್ಲಿ ಏನು ಮಾಡಿದಳು? ಎರಡಕ್ಕೂ ಉತ್ತರ ಹುಡುಕಿ ತನ್ನಿ.