ಗೊರಕೆಯ ಹಿಂದಿನ ರೋಗ ಮತ್ತು ಬಾಯಿಯ ಅಳತೆಗೆ ಮಾಡಿಸುವ ದಂತ ಸಾಧನ

ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಗೊರಕೆ ಹೊಡೆದರೆ 'ಪಾಪ, ದಣಿದಾನ, ಗಟ್ಟಿ ನಿದ್ದಿ ಹತ್ತೈತಿ' ಎಂದು ನಾವು ಸಮಾಧಾನ ಪಡುತ್ತೇವೆ. ಬಹಳ ಜೋರಾಗಿ ಗೊರೆಯುವವನಿಗೆ ಕುಂಭಕರ್ಣನೆಂದು ಹೆಸರಿಟ್ಟು ನಗುತ್ತೇವೆ. ಆದರೆ ಎಲ್ಲ ಗೊರಕೆಯೂ ಒಳ್ಳೆಯ ನಿದ್ದೆಯ ಗುರುತಲ್ಲ. ಕೆಲವರಲ್ಲಿ ಅದು ಉಸಿರಿನ ದಾರಿ ಕಟ್ಟಿಕೊಳ್ಳುತ್ತಿದೆ ಎಂಬುದರ ಸೂಚನೆ. ಆ ರೋಗವನ್ನು ಗುರುತಿಸುವದು ಹೇಗೆ, ಅದಕ್ಕೆ ಹಲ್ಲಿನ ವೈದ್ಯರು ಮಾಡಿಕೊಡುವ ಸಾಧನ ಯಾವುದು ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಕಣ್ಣಾರೆ ಕಂಡ ಸಂಗತಿ

ಬಂಕಾಪುರದ ಸಮೀಪದ ಒಂದು ಹಳ್ಳಿಯಲ್ಲಿ ನಾನು ಕಾಕಾ ಎಂದು ಕರೆಯುವ ರೈತರೊಬ್ಬರಿದ್ದಾರೆ. ವಯಸ್ಸು ಐವತ್ತು ದಾಟಿದೆ. ಅವರ ಗೋವಿನಜೋಳಕ್ಕೆ ಸೈನಿಕ ಹುಳು ಬಿದ್ದಾಗ ಔಷಧ ಹೊಡೆಯುವ ಪ್ರಮಾಣ ತಿಳಿಸಲು ಮನೆಗೆ ಹೋಗಿದ್ದೆ. ಮುಂಜಾನೆ ಹತ್ತರ ಸಮಯ. ಪಡಸಾಲೆಯಲ್ಲಿ ಕುಳಿತು ನಾನು ಮಾತನಾಡುತ್ತಿರುವಾಗಲೇ ಕಾಕಾ ತೂಕಡಿಸಿ ಗೋಡೆಗೆ ಒರಗಿದರು.

ಚಿಗವ್ವ ಚಹಾ ತಂದಿಟ್ಟು ಹೇಳಿದರು: "ತಪ್ಪು ತಿಳ್ಕೋಬ್ಯಾಡ ತಮ್ಮಾ, ಇತ್ತೀಚಿಗೆ ಇವರದು ಹಿಂಗ. ರಾತ್ರಿ ಜೋರ್ ಗೊರಕಿ ಹೊಡಿತಾರ, ನಡುವ ಒಮ್ಮೆಲೆ ಸುಮ್ಮನಾಗತಾರ. ಉಸುರು ನಿಂತೇನೋ ಅಂತ ನಾ ಎದ್ದು ಕುಂದರತೀನಿ. ಆಮ್ಯಾಲ ನೀರಾಗ ಮುಳುಗಿ ಎದ್ದವರಂಗ ಉಸುರು ಎಳಕೋತಾರ."

ಇನ್ನೊಂದು ಸಂಗತಿಯೂ ಹೊರಬಿತ್ತು. ಹಿಂದಿನ ತಿಂಗಳು ಕಾಕಾ ನಡೆಸುತ್ತಿದ್ದ ಟ್ರ್ಯಾಕ್ಟರು ಹೆದ್ದಾರಿಯ ಪಕ್ಕದ ತಗ್ಗಿಗೆ ಇಳಿದಿತ್ತು. ಹಿಂದಿನ ಟ್ರೇಲರಿನಲ್ಲಿ ಮೂವರು ಆಳುಗಳಿದ್ದರು. ದೇವರ ದಯೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. "ಕಣ್ಣ ಮುಚ್ಚಿದ್ದು ನನಗ ಗೊತ್ತಾಗ್ಲಿಲ್ಲಪಾ" ಎಂದರು ಕಾಕಾ. ನಮ್ಮ ಭಾಗದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಗೆ ಟ್ರ್ಯಾಕ್ಟರು ಒಯ್ಯದ ರೈತರು ಕಡಿಮೆ. ಆದ್ದರಿಂದ ಇದು ಕಾಕಾ ಒಬ್ಬರ ಮನೆಯ ವಿಷಯವಲ್ಲ.

ಗೊರಕೆ ಏಕೆ ಬರುತ್ತದೆ?

ಬಾವಿಯ ಪಂಪಿನ ಎಳೆಯುವ ಬದಿಗೆ ಮೆತ್ತನೆಯ ಪೈಪು ಹಾಕಿದರೆ ಏನಾಗುತ್ತದೆಂಬುದು ನಿಮಗೆ ಗೊತ್ತು. ಮೋಟಾರು ಎಳೆದ ಹಾಗೆ ಪೈಪು ಒಳಕ್ಕೆ ಅಂಟಿಕೊಂಡು ನೀರು ನಿಲ್ಲುತ್ತದೆ. ನಮ್ಮ ಗಂಟಲೂ ಅಂಥದೊಂದು ಮೆತ್ತನೆಯ ಕೊಳವೆ. ಎಚ್ಚರವಿರುವಾಗ ಸುತ್ತಲಿನ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ದೆಯಲ್ಲಿ ಅವು ಸಡಿಲಾಗುತ್ತವೆ, ನಾಲಗೆ ಹಿಂದಕ್ಕೆ ಸರಿಯುತ್ತದೆ, ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಅಂಗಳದ ಹಿಂಭಾಗ ಮತ್ತು ಕಿರುನಾಲಗೆ ಅದುರುತ್ತವೆ. ಆ ಸಪ್ಪಳವೇ ಗೊರಕೆ.

ದಾರಿ ಪೂರ್ತಿ ಮುಚ್ಚಿಕೊಂಡರೆ ಉಸಿರು ನಿಲ್ಲುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಹೀಗೆ ನಿಂತರೆ ವೈದ್ಯರು ಅದನ್ನು ಆಪ್ನಿಯಾ ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ಮನುಷ್ಯನನ್ನು ಅರೆ ಎಚ್ಚರಗೊಳಿಸುತ್ತದೆ. ಆತ ಏದುಸಿರು ಎಳೆದು ಮತ್ತೆ ಮಲಗುತ್ತಾನೆ. ಮುಂಜಾನೆ ಅವನಿಗೆ ಇದಾವುದೂ ನೆನಪಿರುವದಿಲ್ಲ. ರಾತ್ರಿಯಲ್ಲಿ ನೂರಾರು ಸಲ ಹೀಗಾದರೆ ಎಂಟು ತಾಸು ಮಲಗಿದರೂ ನಿದ್ದೆಯಾದಂತಲ್ಲ. ಈ ರೋಗಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ಚಿಕಿತ್ಸೆ ಇಲ್ಲದೆ ಬಿಟ್ಟರೆ ರಕ್ತದೊತ್ತಡ, ಹೃದಯದ ಬೇನೆ, ಪಾರ್ಶ್ವವಾಯು ಇವುಗಳ ಭಯ ಹೆಚ್ಚುತ್ತದೆ. ತೂಕಡಿಕೆಯಿಂದ ಅಪಘಾತಗಳೂ ಆಗುತ್ತವೆ.

ಮನೆಯಲ್ಲಿ ಗುರುತಿಸುವ ಬಗೆ

1. ಜೋರು ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಏದುಸಿರಿನೊಂದಿಗೆ ಆರಂಭವಾಗುವದು.
2. ಮುಂಜಾನೆ ಏಳುವಾಗ ತಲೆನೋವು, ಬಾಯಿ ಒಣಗುವದು.
3. ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುವದು.
4. ಕುಳಿತಲ್ಲಿ, ಬಸ್ಸಿನಲ್ಲಿ, ಗಾಡಿ ನಡೆಸುವಾಗ ತೂಕಡಿಕೆ.
5. ಮರೆವು, ಸಣ್ಣ ಮಾತಿಗೂ ಸಿಟ್ಟು.
6. ಔಷಧ ತೆಗೆದುಕೊಂಡರೂ ಹತೋಟಿಗೆ ಬಾರದ ರಕ್ತದೊತ್ತಡ.

ಮೈ ಬೊಜ್ಜು ಮತ್ತು ದಪ್ಪ ಕುತ್ತಿಗೆ ಇರುವವರಲ್ಲಿ ಈ ರೋಗ ಹೆಚ್ಚು. ಆದರೆ ತೆಳ್ಳಗಿರುವವರು ನಿಶ್ಚಿಂತರಾಗಿರುವಂತಿಲ್ಲ. ಕೆಳದವಡೆ ಚಿಕ್ಕದಿದ್ದು ಗದ್ದ ಹಿಂದೆ ಸರಿದಿದ್ದರೂ ಬರಬಹುದು. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತ ಮೇಲೆ ಇದು ಹೆಚ್ಚುತ್ತದೆ. ನಾಚಿಕೆಯಿಂದ ಅವರು ಹೇಳಿಕೊಳ್ಳುವದಿಲ್ಲ, ಮನೆಯವರೇ ಗಮನಿಸಬೇಕು. ಮಲಗಿದವನಿಗೆ ತನ್ನ ರೋಗ ಕಾಣುವದಿಲ್ಲ. ಪಕ್ಕದಲ್ಲಿ ಮಲಗಿದವರ ಮಾತೇ ಮೊದಲ ಸಾಕ್ಷಿ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿರಿ.

ಮೊದಲು ಪರೀಕ್ಷೆ, ಆಮೇಲೆ ಉಪಾಯ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆಂದು ನಾವು ಹೇಳುತ್ತೇವೆ. ಇಲ್ಲಿಯೂ ಅದೇ ನಿಯಮ. ಮೂಗಿನ ಮೂಳೆ ವಕ್ರವಿದೆಯೋ, ಗಂಟಲಿನ ಗಡ್ಡೆ ಬೆಳೆದಿದೆಯೋ ಎಂದು ಕಿವಿ-ಮೂಗು-ಗಂಟಲಿನ ವೈದ್ಯರು ನೋಡುತ್ತಾರೆ. ಅನಂತರ ಒಂದು ರಾತ್ರಿ ಮೈಗೆ ತಂತಿಗಳನ್ನು ಅಂಟಿಸಿ ನಿದ್ದೆಯ ಪರೀಕ್ಷೆ ನಡೆಸುತ್ತಾರೆ. ಇದರಲ್ಲಿ ನೋವಿಲ್ಲ, ಸೂಜಿಯಿಲ್ಲ. ಒಂದು ತಾಸಿಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರ ಕುಗ್ಗಿತು ಎಂದು ಎಣಿಸುತ್ತಾರೆ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 5ರಿಂದ 15ರ ವರೆಗೆ ಸೌಮ್ಯ, 15ರಿಂದ 30ರ ವರೆಗೆ ಮಧ್ಯಮ, 30ರ ಮೇಲೆ ತೀವ್ರ.

ತೀವ್ರ ರೋಗಕ್ಕೆ ಮುಖ್ಯ ಉಪಾಯವೆಂದರೆ ಮೂಗಿಗೆ ಮುಖವಾಡ ಹಾಕಿ ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯದ ವೈದ್ಯ ಕಾಲಿನ್ ಸುಲಿವಾನರು 1981ರಲ್ಲಿ ಇದನ್ನು ಪ್ರಕಟಿಸಿದರು. ಉಸಿರು ನಿಲ್ಲುವದನ್ನು ತಡೆಯುವದರಲ್ಲಿ ಇದರಷ್ಟು ಪರಿಣಾಮಕಾರಿ ಸಾಧನ ಇನ್ನೊಂದಿಲ್ಲ. ಆದರೆ ರಾತ್ರಿಯೆಲ್ಲ ಮುಖವಾಡ ಕೆಲವರಿಗೆ ಒಗ್ಗುವದಿಲ್ಲ. ಇದಕ್ಕೆ ವಿದ್ಯುತ್ತೂ ಬೇಕು. ರೋಗ ಸೌಮ್ಯ ಅಥವಾ ಮಧ್ಯಮವಿದ್ದವರಿಗೆ, ಯಂತ್ರ ಒಗ್ಗದವರಿಗೆ, ಹಾಗೂ ಬರಿಯ ಗೊರಕೆಯಿಂದ ಬಳಲುವವರಿಗೆ ದಂತ ಸಾಧನ ಉಪಯೋಗಕ್ಕೆ ಬರುತ್ತದೆ.

ದಂತ ಸಾಧನ ಕೆಲಸ ಮಾಡುವ ರೀತಿ

ಈಗಲೇ ಒಂದು ಪ್ರಯೋಗ ಮಾಡಿ ನೋಡಿರಿ. ಕೆಳಗಿನ ಹಲ್ಲುಗಳು ಮೇಲಿನ ಹಲ್ಲುಗಳಿಗಿಂತ ಮುಂದೆ ಬರುವಂತೆ ಗದ್ದವನ್ನು ಮುಂದೆ ಚಾಚಿರಿ. ಈಗ ಗೊರಕೆಯ ಸಪ್ಪಳ ಮಾಡಲು ಪ್ರಯತ್ನಿಸಿರಿ. ಬಹಳ ಜನರಿಗೆ ಅದು ಕಷ್ಟವಾಗುತ್ತದೆ. ನಾಲಗೆಯ ಬುಡ ಕೆಳದವಡೆಗೆ ಅಂಟಿಕೊಂಡಿದೆ. ದವಡೆ ಮುಂದೆ ಬಂದರೆ ನಾಲಗೆಯೂ ಮುಂದೆ ಬರುತ್ತದೆ, ಹಿಂದಿನ ದಾರಿ ತೆರೆಯುತ್ತದೆ. ಚಿಕ್ಕ ದವಡೆಯ ಶಿಶುಗಳಲ್ಲಿ ನಾಲಗೆ ಹಿಂದೆ ಬಿದ್ದು ಉಸಿರು ಕಟ್ಟುವದನ್ನು ಫ್ರಾನ್ಸಿನ ದಂತವೈದ್ಯ ಪಿಯೇರ್ ರೋಬಿನ್ 1923ರಲ್ಲಿಯೇ ವಿವರಿಸಿದ್ದರು.

ದಂತ ಸಾಧನದಲ್ಲಿ ಮೇಲಿನ ಹಲ್ಲುಗಳಿಗೊಂದು, ಕೆಳಗಿನ ಹಲ್ಲುಗಳಿಗೊಂದು ಹೊದಿಕೆಯಿರುತ್ತದೆ. ಎರಡನ್ನೂ ಜೋಡಿಸುವ ತಿರುಪು ಅಥವಾ ಪಟ್ಟಿ ಕೆಳದವಡೆಯನ್ನು ಕೆಲವು ಮಿಲಿಮೀಟರು ಮುಂದೆ ಹಿಡಿದಿಡುತ್ತದೆ. ಮಲಗುವಾಗ ಹಾಕಿಕೊಂಡು ಎದ್ದಾಗ ತೆಗೆಯಬೇಕು. ವಿದ್ಯುತ್ತು ಬೇಡ, ಸಪ್ಪಳವಿಲ್ಲ. ಹೊಲಕ್ಕೆ ಕಾವಲು ಹೋದರೂ ಕಿಸೆಯಲ್ಲಿ ಒಯ್ಯಬಹುದು.

ಅಳತೆ ಕೊಟ್ಟು ಮಾಡಿಸುವದೇ ಮುಖ್ಯ

ಕಾಕಾ ಅವರ ಮಗ ಮೊದಲು ಮೊಬೈಲಿನಲ್ಲಿ ನೋಡಿ ಸಿದ್ಧ ಸಾಧನವೊಂದನ್ನು ತರಿಸಿದ್ದ. ಬಿಸಿ ನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿಕೊಳ್ಳುವಂಥದು. ನಾಲ್ಕೇ ದಿನಗಳಲ್ಲಿ ಮುಂದಿನ ಹಲ್ಲುಗಳು ನೋಯತೊಡಗಿದವು. ರಾತ್ರಿ ಅದು ತಾನೇ ಕಳಚಿ ಹಾಸಿಗೆಯಲ್ಲಿ ಬೀಳುತ್ತಿತ್ತು.

ಒಂದು ಜೋಡಿ ಎತ್ತಿನ ನೊಗ ಇನ್ನೊಂದು ಜೋಡಿಗೆ ಹೊಂದದು. ಹೊಂದದ ನೊಗ ಹೂಡಿದರೆ ಹೆಗಲು ಬಾಯುತ್ತದೆ. ಬಾಯಿಯ ಮಾತೂ ಹಾಗೆಯೇ. ದಂತವೈದ್ಯರು ಮೊದಲು ಹಲ್ಲು, ಒಸಡು, ದವಡೆಯ ಕೀಲುಗಳನ್ನು ಪರೀಕ್ಷಿಸುತ್ತಾರೆ. ಎರಡೂ ಸಾಲು ಹಲ್ಲುಗಳ ಅಚ್ಚು ತೆಗೆಯುತ್ತಾರೆ. ದವಡೆ ಎಷ್ಟು ಮುಂದೆ ಬರಬಲ್ಲದೆಂದು ಅಳೆದು, ಸಾಮಾನ್ಯವಾಗಿ ಅದರ ಅರ್ಧದಷ್ಟರಿಂದ ಆರಂಭಿಸುತ್ತಾರೆ. ಆಮೇಲೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತಾರೆ. ನೇಗಿಲು ಎಷ್ಟು ಆಳ ಹೋಗಬೇಕೆಂದು ನೋಡಿ ನಾವು ಬೆಣೆ ಬಡಿದು ಸರಿಪಡಿಸುವದಿಲ್ಲವೇ, ಹಾಗೆ. ಅಮೇರಿಕದ ನಿದ್ರಾ ವೈದ್ಯರ ಹಾಗೂ ನಿದ್ರಾ ದಂತವೈದ್ಯರ ಸಂಘಗಳು 2015ರಲ್ಲಿ ಒಟ್ಟಾಗಿ ಕೊಟ್ಟ ಸಲಹೆಯೂ ಇದೇ: ಸಿದ್ಧ ಸಾಧನಕ್ಕಿಂತ ಅಳತೆಗೆ ಮಾಡಿದ, ಹೆಚ್ಚು-ಕಡಿಮೆ ಮಾಡಲು ಬರುವ ಸಾಧನವೇ ಮೇಲು.

ಸಾಧನ ಹೊಂದಿಕೊಂಡ ಮೇಲೆ ಅದನ್ನು ಹಾಕಿಕೊಂಡೇ ಇನ್ನೊಮ್ಮೆ ನಿದ್ದೆಯ ಪರೀಕ್ಷೆ ಮಾಡಿಸಬೇಕು. ಗೊರಕೆ ನಿಂತರೂ ಒಳಗೆ ಉಸಿರು ನಿಲ್ಲುತ್ತಿರಬಹುದು. ಸಪ್ಪಳ ಹೋಯಿತೆಂದು ರೋಗ ಹೋಯಿತೆನ್ನಲು ಬಾರದು.

ಯಾರಿಗೆ ಆಗುವದಿಲ್ಲ?

ಸಾಧನ ಹಿಡಿದುಕೊಳ್ಳಲು ಎರಡೂ ದವಡೆಗಳಲ್ಲಿ ಸಾಕಷ್ಟು ಗಟ್ಟಿ ಹಲ್ಲುಗಳಿರಬೇಕು. ಹಲ್ಲು ಅಲುಗಾಡುವವರಿಗೆ, ಒಸಡಿನಿಂದ ಕೀವು-ರಕ್ತ ಬರುವವರಿಗೆ ಮೊದಲು ಆ ಚಿಕಿತ್ಸೆಯಾಗಬೇಕು. ಗುಟಖಾ, ತಂಬಾಕು, ಅಡಿಕೆ ಅಗಿದು ಬಾಯಿ ಬಿಗಿದು ಎರಡು ಬೆರಳೂ ಹೋಗದಂತೆ ಆದವರಲ್ಲಿ ಅಚ್ಚು ತೆಗೆಯುವದೇ ಕಷ್ಟ. ನಮ್ಮ ತರುಣರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಗೊರೆಯುವ ಮಕ್ಕಳಿಗೆ ನೀವಾಗಿಯೇ ಸಾಧನ ಕೊಡಿಸಬಾರದು. ಅವರಲ್ಲಿ ಬಹುಮಟ್ಟಿಗೆ ಗಂಟಲಿನ ಗಡ್ಡೆಯೇ ಕಾರಣ, ವೈದ್ಯರಿಗೆ ತೋರಿಸಿರಿ.

ಆರಂಭದ ದಿನಗಳಲ್ಲಿ ಜೊಲ್ಲು ಸುರಿಯುವದು, ಹಲ್ಲು-ದವಡೆ ನೋಯುವದು, ಎದ್ದಾಗ ಹಲ್ಲುಗಳು ಸರಿಯಾಗಿ ಕೂಡದಂತೆ ಅನಿಸುವದು ಸಹಜ. ಬಹಳ ವರ್ಷ ಬಳಸಿದರೆ ಹಲ್ಲುಗಳು ಸ್ವಲ್ಪ ಸರಿಯಲೂಬಹುದು. ಆದ್ದರಿಂದ ದಂತವೈದ್ಯರು ಹೇಳಿದ ಅವಧಿಗೆ ತಪ್ಪದೆ ತೋರಿಸಬೇಕು.

ಸಾಧನದ ಆರೈಕೆ

ದಿನವೂ ತಣ್ಣೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಬಿಸಿ ನೀರು ಹಾಕಿದರೆ, ಬಿಸಿಲಿಗೆ ಇಟ್ಟರೆ ಆಕಾರ ಕೆಡುತ್ತದೆ. ಡಬ್ಬಿಯಲ್ಲಿಟ್ಟು ಮಾಡದಲ್ಲಿಡಿ. ಮಕ್ಕಳಿಗೂ ನಾಯಿಗೂ ಸಿಗಬಾರದು. ಇದರೊಂದಿಗೆ ಮೈತೂಕ ಇಳಿಸುವದು, ರಾತ್ರಿ ಸಾರಾಯಿ ಮುಟ್ಟದಿರುವದು, ವೈದ್ಯರು ಹೇಳದೆ ನಿದ್ದೆಯ ಗುಳಿಗೆ ನುಂಗದಿರುವದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವದು ಇವೆಲ್ಲ ಅವಶ್ಯ. ಇವುಗಳಿಗೆ ಹಣ ಬೇಕಾಗಿಲ್ಲ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಸರಕಾರಿ ದವಾಖಾನೆಯಲ್ಲಿ ತೋರಿಸಿ ಚೀಟಿ ಬರೆಯಿಸಿಕೊಳ್ಳಿರಿ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಜನ ಕಿಮ್ಸ್ ಎನ್ನುವದು ಅದನ್ನೇ. ಧಾರವಾಡದಲ್ಲಿ 1986ರಿಂದ ಎಸ್‌ಡಿಎಂ ದಂತ ಮಹಾವಿದ್ಯಾಲಯವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಪ್ರಯೋಗಾಲಯವಿದೆ. ಪರೀಕ್ಷೆಗೆ ಎಷ್ಟು, ಸಾಧನಕ್ಕೆ ಎಷ್ಟು, ಆಮೇಲಿನ ಭೆಟ್ಟಿಗಳಿಗೆ ಎಷ್ಟು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿರಿ. ಕೇಳುವದರಲ್ಲಿ ಸಂಕೋಚ ಬೇಡ.

ಕಾಕಾ ಅವರ ಪರೀಕ್ಷೆಯಲ್ಲಿ ರೋಗ ಮಧ್ಯಮವೆಂದು ತಿಳಿಯಿತು. ಅಳತೆ ಕೊಟ್ಟು ಸಾಧನ ಮಾಡಿಸಿದರು. ಮೊದಲ ಎರಡು ವಾರ ದವಡೆ ನೋವೆಂದು ಬೇಸರಪಟ್ಟರು. 'ಬಿಡಬ್ಯಾಡ್ರಿ' ಎಂದು ಚಿಗವ್ವ ಹಟ ಹಿಡಿದರು. ಎರಡನೆಯ ಪರೀಕ್ಷೆಯಲ್ಲಿ ಎಣಿಕೆ 5ಕ್ಕಿಂತ ಕೆಳಗೆ ಬಂದ ಮೇಲೆಯೇ, ವೈದ್ಯರ ಒಪ್ಪಿಗೆ ಪಡೆದು, ಅವರು ಮತ್ತೆ ಟ್ರ್ಯಾಕ್ಟರಿನ ಮೇಲೆ ಕುಳಿತರು. ಅಲ್ಲಿಯ ವರೆಗೆ ಮಗನೇ ನಡೆಸಿದ. ಮೊನ್ನೆ ಹೋದಾಗ ಚಿಗವ್ವ, "ಈಗ ನನಗೂ ನಿದ್ದಿ ಹತ್ತತೈತಿ ತಮ್ಮಾ" ಎಂದರು.

ರೈತ ಬಂಧುಗಳೇ, ನಾನು ಕೃಷಿ ಕಲಿತವನು, ವೈದ್ಯನಲ್ಲ. ಔಷಧ ಹೇಳುವ ಅಧಿಕಾರ ನನಗಿಲ್ಲ. ಆದರೆ ಇಂದು ರಾತ್ರಿ ನಿಮ್ಮ ಮನೆಯಲ್ಲಿ ಗೊರೆಯುವವರ ಉಸಿರನ್ನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿರಿ. ನಡುವೆ ನಿಂತರೆ ನಗಬೇಡಿರಿ, ದವಾಖಾನೆಗೆ ಕರೆದುಕೊಂಡು ಹೋಗಿರಿ. ಪರೀಕ್ಷೆಯಾಗುವ ವರೆಗೆ ಅವರ ಕೈಗೆ ಗಾಡಿ ಕೊಡಬೇಡಿರಿ.

ಯುವಕ ಸಂಘ ಹಾಗೂ ಮಹಿಳಾ ಸಂಘಗಳಲ್ಲಿ ಚರ್ಚೆಗೆ ಪ್ರಶ್ನೆಗಳು

1. ಬರಿಯ ಗೊರಕೆಗೂ ಸ್ಲೀಪ್ ಆಪ್ನಿಯಾಕ್ಕೂ ಇರುವ ವ್ಯತ್ಯಾಸವೇನು?
2. ಕೆಳದವಡೆ ಮುಂದೆ ಬಂದರೆ ಉಸಿರಿನ ದಾರಿ ಏಕೆ ತೆರೆಯುತ್ತದೆ?
3. ಗೊರಕೆ ನಿಂತ ಮೇಲೂ ಎರಡನೆಯ ಪರೀಕ್ಷೆ ಏಕೆ ಬೇಕು?
4. ನಮ್ಮ ಊರಿನಲ್ಲಿ ಗಾಡಿ ನಡೆಸುವಾಗ ತೂಕಡಿಸುವವರಿದ್ದಾರೆಯೇ? ಅವರಿಗೆ ಯಾರು, ಹೇಗೆ ತಿಳಿಸಿ ಹೇಳಬೇಕು?