ಒಂದು ಸರ್ವರ್ ಬಿದ್ದರೆ ಎಲ್ಲವೂ ಬೀಳಬೇಕಾ?

ರಿಸಲ್ಟ್ ದಿನ ನಾವೆಲ್ಲ ಒಟ್ಟಿಗೇ ರಿಫ್ರೆಶ್ ಒತ್ತುತ್ತೇವೆ. ಮೂಲ ಸರ್ವರ್ ಕುಸಿಯದಿರಲೆಂದು ಸಿಡಿಎನ್‌ನಲ್ಲಿ 10 ಕ್ಯಾಶ್ ಸರ್ವರ್‌ಗಳಿವೆ ಅಂದುಕೊಳ್ಳೋಣ. ಯಾವ ಪುಟ ಯಾವುದರಲ್ಲಿ? ಯುಆರ್‌ಎಲ್‌ನ ಹ್ಯಾಶ್ ಸಂಖ್ಯೆಯನ್ನು 10ರಿಂದ ಭಾಗಿಸಿ ಶೇಷ ನೋಡಿದರಾಯ್ತು. ಆದರೆ ಒಂದು ಸರ್ವರ್ ಕೆಟ್ಟರೆ 9ರಿಂದ ಭಾಗಿಸಬೇಕು, ಸುಮಾರು ಶೇ. 90 ಪುಟಗಳ ಜಾಗವೇ ಬದಲು! ಕ್ಯಾಶ್‌ನಲ್ಲಿ ಇದ್ದೂ ಸಿಗಲ್ಲ; ಆ ಕೋರಿಕೆಗಳೆಲ್ಲ ಮೂಲ ಸರ್ವರ್‌ಗೇ ನುಗ್ಗುತ್ತವೆ.

1997ರಲ್ಲಿ ಎಂಐಟಿಯ ಡೇವಿಡ್ ಕಾರ್ಗರ್ ಮತ್ತು ಸಂಗಡಿಗರು ಕೊಟ್ಟ ಉಪಾಯ ಕನ್ಸಿಸ್ಟೆಂಟ್ ಹ್ಯಾಶಿಂಗ್. ಸರ್ವರ್, ಪುಟ ಎರಡನ್ನೂ ಹ್ಯಾಶ್ ಮಾಡಿ ಒಂದೇ ವೃತ್ತದ ಮೇಲೆ ಕೂರಿಸೋಣ. ಪ್ರದಕ್ಷಿಣೆಯಲ್ಲಿ ಮೊದಲು ಸಿಗುವ ಸರ್ವರ್‌ಗೆ ಆ ಪುಟ. ಒಂದು ಕೆಟ್ಟರೆ ಅದರ ಪಾಲಿನ ಪುಟಗಳಷ್ಟೇ, ಸರಾಸರಿ ಶೇ. 10, ಪಕ್ಕದ್ದಕ್ಕೆ ಹೋಗುತ್ತವೆ. ಪಕ್ಕದ್ದೊಂದಕ್ಕೇ ಹೊರೆಯಾಗದಿರಲು ಪ್ರತಿ ಸರ್ವರನ್ನೂ ವೃತ್ತದ ಹಲವೆಡೆ ಕೂರಿಸಿದರೆ ಸಾಕು.