ಓದು ಬಾರದ ಮಗು ದಡ್ಡ ಮಗುವಲ್ಲ



ನಿಮ್ಮ ಮಗ ನಾಲ್ಕನೆಯ ತರಗತಿಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಸಂತೆಗೆ ಹೋಗಿಬಂದರೆ ಅಲ್ಲಿ ಕಂಡದ್ದನ್ನೆಲ್ಲ ಬಣ್ಣಿಸಿ ಹೇಳುತ್ತಾನೆ. ಚಿಲ್ಲರೆ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪುವುದಿಲ್ಲ. ಆದರೆ ಪುಸ್ತಕ ಕೊಟ್ಟು ಓದು ಎಂದರೆ ಬೆವರುತ್ತಾನೆ. ‘ಬಸವ’ ಹೋಗಿ ‘ಬವಸ’ ಆಗುತ್ತದೆ; ಒತ್ತಕ್ಷರಗಳು ಬಿಟ್ಟುಹೋಗುತ್ತವೆ; ನಿನ್ನೆ ಕಲಿತ ಪದ ಇಂದು ಹೊಸದಾಗಿ ಕಾಣುತ್ತದೆ. ಆಗ ನಮ್ಮ ಬಾಯಿಂದ ಬರುವ ಮಾತೇನು? ‘ಸೋಮಾರಿ’, ‘ದಡ್ಡ’, ‘ಆಟಕ್ಕಾದರೆ ಬುದ್ಧಿ ಓಡುತ್ತದೆ’. ಕೆಲವು ಮನೆಗಳಲ್ಲಿ ನಾಲ್ಕೇಟು ಬೀಳುವುದೂ ಉಂಟು.

ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವುದು ಡಿಸ್ಲೆಕ್ಸಿಯಾ ಎಂಬ ಕಲಿಕಾ ನ್ಯೂನತೆ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳಿಗೆ ಹೊಂದಿಸುವ ಕೆಲಸವನ್ನು ಇವರ ಮಿದುಳು ಬಹಳ ಶ್ರಮಪಟ್ಟು, ನಿಧಾನವಾಗಿ ಮಾಡುತ್ತದೆ. ಇದಕ್ಕೂ ಬುದ್ಧಿಮಾಂದ್ಯಕ್ಕೂ ಸಂಬಂಧವಿಲ್ಲ. ಒಂದೇ ಮನೆತನದಲ್ಲಿ ಇಬ್ಬರು ಮೂವರಿಗೆ ಇರುವುದುಂಟು. (ಮಗನನ್ನು ಹೊಡೆಯುವ ತಂದೆ ತನ್ನ ಶಾಲೆಯ ದಿನಗಳನ್ನು ಒಮ್ಮೆ ನೆನೆಯಲಿ.) ಮಾತ್ರೆ, ಟಾನಿಕ್ಕುಗಳಿಂದ ಇದು ಹೋಗುವುದಿಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬುವರು 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಲೆಕ್ಕದಲ್ಲಿ ಚುರುಕಾಗಿದ್ದ ಆ ಹುಡುಗ ತನ್ನ ಹೆಸರನ್ನೇ ತಪ್ಪಾಗಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲಿ ನಡೆದರೆ ಶಾಲೆಗೇ ಜಾಣ ಅವನೇ ಎಂಬುದು ಅವನ ಮೇಷ್ಟರ ಅಭಿಪ್ರಾಯವಾಗಿತ್ತು.

ತಿಳಿಯುವುದು ಬೇರೆ, ಓದುವುದು ಬೇರೆ. ನಾವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. ಜ್ಞಾನವು ಇಂದ್ರಿಯಗಳ ಮೂಲಕ ಆರಂಭವಾಗುತ್ತದೆ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಕಿವಿಯೂ ಒಂದು ಇಂದ್ರಿಯವೇ ಅಲ್ಲವೇ? ನಮ್ಮಂಥ ಧರ್ಮಕೇಂದ್ರದ ಗುರುಗಳಿಗೆ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರನ್ನೇ ನೋಡಿ. ಲತೀನ್ ಭಾಷೆ ಅವರಿಗೆ ಹತ್ತಲಿಲ್ಲ, ಪರೀಕ್ಷೆಯಲ್ಲಿ ಸೋತರು. ಅವರ ಗುರು ಬಾಲಿಯವರು ಪಟ್ಟುಹಿಡಿದು ಫ್ರೆಂಚ್ ಭಾಷೆಯಲ್ಲೇ ಪ್ರಶ್ನೆ ಕೇಳಿಸಿದಾಗ ಸಮರ್ಪಕವಾಗಿ ಉತ್ತರಿಸಿದರು; 1815ರಲ್ಲಿ ಗುರುಪಟ್ಟ ಪಡೆದರು. ಅವರಿಗೆ ಡಿಸ್ಲೆಕ್ಸಿಯಾ ಇತ್ತೆಂದು ನಾನು ಹೇಳುತ್ತಿಲ್ಲ. ಕೇಳುವ ರೀತಿ ಬದಲಾದಾಗ ಉತ್ತರ ಬಂತು, ಅಷ್ಟೇ.

ಮನೆಯಲ್ಲಿ ಏನು ಮಾಡಬಹುದು? ಮೊದಲು ಮಗುವಿನ ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಅವು ಸರಿಯಿದ್ದರೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಮಗುವಿನ ಜೊತೆ ಕೂತುಕೊಳ್ಳಿ, ಆದರೆ ಪ್ರತಿದಿನ. ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಬಿಳಿಕೆರೆ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನಿಗೆ ಉಸಿರಾಡಲೂ ಬಿಡುವಿಲ್ಲ, ನಿಜ. ಆಗ ಅಕ್ಕನೋ ಅಜ್ಜನೋ ಕೂರಲಿ. ಪುಸ್ತಕಕ್ಕೆ ಮುಂಚೆ ಬಾಯಾಟ: ‘ಬಿ-ಳಿ-ಕೆ-ರೆ’ ಎಂದು ಚಪ್ಪಾಳೆ ತಟ್ಟಿ ಬಿಡಿಸಿ ಹೇಳಲಿ, ‘ಬಿಳಿ’ ತೆಗೆದರೆ ಉಳಿಯುವುದೇನು ಎಂದು ಕೇಳಿ. ಇದಕ್ಕೆ ನಿಮಗೆ ಓದು ಬರಬೇಕೆಂದೇನೂ ಇಲ್ಲ. ಮೊರದಲ್ಲಿ ರಾಗಿ ಹರಡಿ, ಅಕ್ಷರದ ಧ್ವನಿಯನ್ನು ಗಟ್ಟಿಯಾಗಿ ಹೇಳುತ್ತಾ ಬೆರಳಿನಿಂದ ತಿದ್ದಿಸಿ. ‘ಪ’ ಮತ್ತು ‘ಷ’, ‘ಮ’ ಮತ್ತು ‘ವ’ ಇಂಥ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಓದುವಾಗ ಒಂದು ಸಾಲು ನೀವು, ಅದೇ ಸಾಲು ಮಗು. ತಡವರಿಸಿದರೆ ಪದ ಹೇಳಿಕೊಟ್ಟು ಮುಂದೆ ಹೋಗಿ. ತಂಗಿ ಓದುತ್ತಾಳಲ್ಲ ಎಂಬ ಮಾತು ಮಾತ್ರ ಬೇಡ. ಇದೇ ಪಾಠವನ್ನು ಇನ್ನೂ ಎರಡು ಗಂಟೆ ಉರುಹೊಡೆಸುವ ಟ್ಯೂಷನ್ನಿನಿಂದಲೂ ಹೆಚ್ಚಿನ ಪ್ರಯೋಜನ ಕಾಣೆ.

ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಸರಿಹೋದೀತೇ ಎಂದು ಕೇಳುವವರಿದ್ದಾರೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು. ಈ ಮಗುವಿಗೆ ಅದು ಇನ್ನೂ ಕಷ್ಟ.

1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯಲ್ಲೇ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಮಗು ಕಾರ್ಡುಗಳ ಮೂಲಕ ತನ್ನ ವೇಗದಲ್ಲೇ ಮೆಟ್ಟಿಲು ಹತ್ತುತ್ತದೆ. ಪಠ್ಯಪುಸ್ತಕ, ಕರಿಹಲಗೆ, ನೋಟ್ಸು ಬಂದಾಗಲೇ ತೊಂದರೆ ಎದ್ದು ಕಾಣುವುದು. ಶಿಕ್ಷಕರ ಬಳಿ ದೂರು ಒಯ್ಯಬೇಡಿ, ವಿಷಯ ಹೇಳಿ. ಮುಂದಿನ ಸಾಲಿನಲ್ಲಿ ಕೂರಿಸಲು, ಎಲ್ಲರೆದುರು ಏಕಾಏಕಿ ಓದಿಸದಿರಲು, ವಿಜ್ಞಾನದ ಉತ್ತರವನ್ನು ಬಾಯಲ್ಲಿ ಕೇಳಲು ವಿನಂತಿಸಿ. ನಮ್ಮ ಜ್ಞಾನೋಪದೇಶದ ತರಗತಿಗೂ ಇದು ಅನ್ವಯಿಸುತ್ತದೆ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುವ ಮಗು ಪ್ರಾರ್ಥನೆಗಳನ್ನು ಕೇಳಿ ಕಲಿತರೆ ಸಾಕು; ವಿಶ್ವಾಸ ಕಿವಿಯ ಮೂಲಕ ಬರುತ್ತದೆಂದು ಸಂತ ಪೌಲರೇ ರೋಮನರಿಗೆ ಬರೆದಿಲ್ಲವೇ? ದೇಹ ಮನಸ್ಸುಗಳಲ್ಲಿ ತೊಡಕುಳ್ಳವರಿಗೂ ಅವರ ಸ್ಥಿತಿಗೆ ತಕ್ಕಂತೆ ಬೋಧನೆ ಸಿಗುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುವಿನ ಹೊಣೆ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ (777ನೆಯ ವಿಧಿ) ಹೇಳುತ್ತದೆ. ಬಲಿಪೂಜೆಯಲ್ಲಿ ವಾಚನ ಓದಲಾಗದ ಹುಡುಗ ಪೀಠಸೇವೆ ಚೆನ್ನಾಗಿಯೇ ಮಾಡಬಲ್ಲ.

ಸರ್ಕಾರದ ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಹೇಳಿದ್ದನ್ನು ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವೆಲ್ಲ ಅದರಲ್ಲಿವೆ. ಆದರೆ ಪ್ರಮಾಣಪತ್ರವಿಲ್ಲದೆ ಸಿಗುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳಲ್ಲಿ ಓಡಾಡಿದರೆ ಕೆಲಸವಾಗದು. ‘ಮಾನ ಹೋಗುತ್ತದೆ, ಬೇಡ ಸ್ವಾಮಿ’ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಒಂಬತ್ತನೆಯ ತರಗತಿಗೇ ಮಗು ಶಾಲೆ ಬಿಟ್ಟರೆ ಮಾನ ಉಳಿಯುತ್ತದೆಯೇ?

ತಪಾಸಣೆಗೆ ದೂರ ಹೋಗಬೇಕಾಗಿಲ್ಲ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ನಮ್ಮ ಜನ ‘ಸ್ಪೀಚ್ ಅಂಡ್ ಹಿಯರಿಂಗ್’ ಎನ್ನುವುದು ಇದನ್ನೇ. ಮಾತು ಮತ್ತು ಕಿವಿಯ ತೊಂದರೆಗಳಷ್ಟೇ ಅಲ್ಲ, ಓದುಬರಹದ ತೊಂದರೆಯನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಹೋಗುವಾಗ ಮಗುವಿನ ನೋಟ್‌ಪುಸ್ತಕಗಳು, ಅಂಕಪಟ್ಟಿ, ಸಾಧ್ಯವಾದರೆ ತರಗತಿ ಶಿಕ್ಷಕರ ಒಂದು ಚೀಟಿ ಜೊತೆಗಿರಲಿ. ಇದು ಒಂದೇ ದಿನದಲ್ಲಿ ಮುಗಿಯದಿರಬಹುದು, ಬುತ್ತಿ ಕಟ್ಟಿಕೊಂಡೇ ಹೊರಡಿ. ಓದಿಸುತ್ತಾರೆ, ಬರೆಸುತ್ತಾರೆ, ಪ್ರಶ್ನೆ ಕೇಳುತ್ತಾರೆ, ಸೂಜಿ ಚುಚ್ಚುವುದಿಲ್ಲ ಎಂದು ಮಗುವಿಗೆ ಬಸ್ಸಿನಲ್ಲೇ ಹೇಳಿಬಿಡಿ.